ಲಾಯಿಲದ ಮನೆಯ ಮೊದಲ ಖರ್ಜೂರ

ಲೋಕದಲ್ಲಿ ರಾಜ್ಯಗಳು ಯಾವ ಯಾವ ಕಾರಣಕ್ಕೆ ಒಡೆದವೆಂದು ಚರಿತ್ರೆ ಬರೆಯುವವರು ಹೇಳಲಿ. ಬೆಳ್ತಂಗಡಿಗೆ ತಾಗಿಕೊಂಡ ಲಾಯಿಲದಲ್ಲಿ, ಶಾಹುಲ್ ಹಮೀದರ ಮನೆಯಲ್ಲಿ, ಎರಡು ಸಾವಿರದ ಎಂಟನೆಯ ಇಸವಿಯ ರಮಝಾನಿನ ಮೊದಲ ಸಂಜೆ ಎದ್ದ ಪ್ರಶ್ನೆ ಅವೆಲ್ಲಕ್ಕಿಂತ ಗಂಭೀರವಾದದ್ದು. ಮೊದಲ ಖರ್ಜೂರ ಯಾರ ಕೈಗೆ ಹೋಗಬೇಕು?

ಆ ಮನೆಯಲ್ಲಿ ಅದಕ್ಕೊಂದು ಕ್ರಮ ಇತ್ತು. ಸಂಜೆ ಮಸೀದಿಯ ಬಾಂಗ್ ಕೇಳಿದೊಡನೆ ಮುದುಕಿ ಬೀಪಾತುಮ್ಮ ತಟ್ಟೆಯಿಂದ ಒಂದು ಖರ್ಜೂರ ಎತ್ತಿ, ನೋಂಬು ಹಿಡಿದು ಉಪವಾಸವಿದ್ದ ಗಂಡಸರಲ್ಲಿ ಹಿರಿಯನ ಕೈಗೆ ಕೊಡುವುದು. ಅವನು ಬಾಯಿಗೆ ಹಾಕಿದ ಮೇಲೆ ಉಳಿದವರು ತಟ್ಟೆಗೆ ಕೈ ಹಾಕುವುದು. ಬೀಪಾತುಮ್ಮನ ಗಂಡ ತೀರಿಹೋದ ಮೇಲೆ ಆ ಖರ್ಜೂರ ಹಿರಿಯ ಮಗ ಶಾಹುಲ್ ಹಮೀದರದ್ದಾಗಿತ್ತು. ಗುರುವಾಯನಕೆರೆಯಲ್ಲಿ ಟರ್ಪಾಲು, ಹಗ್ಗ, ಪ್ಲಾಸ್ಟಿಕ್ ಕೊಡಗಳ ಅಂಗಡಿ ಇಟ್ಟುಕೊಂಡ ಆ ಮನುಷ್ಯನಿಗೆ ಬೇರೆ ಕಿರೀಟವೇನೂ ಇರಲಿಲ್ಲ.

ಬಾಂಗ್ ಕೇಳಿತು. ಶಾಹುಲ್ ಹಮೀದರ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಖರ್ಜೂರ ಆ ಕೈಯನ್ನು ದಾಟಿಕೊಂಡು ತಮ್ಮ ಉಮ್ಮರನ ಕೈಯಲ್ಲಿ ಹೋಗಿ ಕೂತಿತು.

"ನೋಂಬು ಹಿಡಿದವನಿಗೆ," ಎಂದರು ಬೀಪಾತುಮ್ಮ. "ನೀನು ಮಧ್ಯಾಹ್ನ ಗಂಜಿ ಕುಡಿದಿದ್ದಿ."

"ಡಾಕ್ಟರು ಕುಡಿಯಲು ಹೇಳಿದ್ದು, ಉಮ್ಮ."

"ಕುಡಿದದ್ದಕ್ಕೆ ನಾನು ಬೈದೆನಾ? ಖರ್ಜೂರ ಕೊಡಲಿಲ್ಲ, ಅಷ್ಟೇ."

ಮುಂದೆ ಹೋದ ಕೈಯನ್ನು ಬರಿದೇ ಹಿಂದಕ್ಕೆ ತರುವುದು ಸುಲಭವಲ್ಲ. ಶಾಹುಲ್ ಹಮೀದರು ಅದನ್ನು ನೀರಿನ ಲೋಟದ ಕಡೆಗೆ ತಿರುಗಿಸಿದರು.

ಹೋದ ವರ್ಷ ಈ ತೊಡಕು ಇರಲಿಲ್ಲ, ಏಕೆಂದರೆ ಆಗ ಇಬ್ಬರೂ ರೋಗಿಗಳು; ಇಬ್ಬರಿಗೂ ಉಪವಾಸ ಇಲ್ಲದ್ದರಿಂದ ಖರ್ಜೂರ ಹಿರಿತನಕ್ಕೇ ಹೋಗಿತ್ತು. ಒಂದು ವರ್ಷದೊಳಗೆ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ರೋಗದ ಹೆಸರು ಬರೆದುಕೊಟ್ಟಿದ್ದರು: ಎದೆಬಡಿತ ತಾಳ ತಪ್ಪಿ ಅಡ್ಡಾದಿಡ್ಡಿ ಓಡುವ ಏಟ್ರಿಯಲ್ ಫಿಬ್ರಿಲೇಶನ್, ಜೊತೆಗೆ ಹಾರ್ಟ್ ಫೇಲ್ಯೂರ್. ಈ ಎರಡನೆಯದನ್ನು ಬೀಪಾತುಮ್ಮ ಒಪ್ಪಲೇ ಇಲ್ಲ. "ಹಾರ್ಟ್ ಫೇಲ್ ಎಂದರೆ ಸತ್ತದ್ದು. ಇವರಿಬ್ಬರು ನನ್ನೆದುರು ಕೂತು ಮೀನು ಸಣ್ಣದಾಯಿತು ಎಂದು ಜಗಳ ಮಾಡುತ್ತಿದ್ದಾರೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇಬ್ಬರಿಗೂ ಉಪ್ಪು ನಿಷೇಧ. ಹಾಗಾಗಿ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆ ಏರಿತು. ಆ ಸಣ್ಣ ಪಾತ್ರೆಯ ವರ್ಷದಲ್ಲಿ ಅವರಿಬ್ಬರು ಇದ್ದಷ್ಟು ಅನ್ಯೋನ್ಯವಾಗಿ ಚಿಕ್ಕಂದಿನಲ್ಲೂ ಇರಲಿಲ್ಲ. ಉಪ್ಪಿಲ್ಲದ ಸಾರನ್ನು ಒಟ್ಟಿಗೆ ಶಪಿಸುವುದು, ಮಾತ್ರೆಗಳನ್ನು ಒಟ್ಟಿಗೆ ನುಂಗುವುದು, ಜಗಲಿಯಲ್ಲಿ ಕೂತು ಒಬ್ಬರ ಕಣಕಾಲನ್ನು ಇನ್ನೊಬ್ಬರು ಹೆಬ್ಬೆರಳಿನಿಂದ ಒತ್ತಿ, ನೀರು ತುಂಬಿದ ಚರ್ಮದಲ್ಲಿ ಯಾರ ಕುಳಿ ಹೆಚ್ಚು ಆಳ ಎಂದು ನೋಡುವುದು. ಹೆಚ್ಚಾಗಿ ಉಮ್ಮರನೇ ಗೆಲ್ಲುತ್ತಿದ್ದ.

ಆಮೇಲೆ ಉಮ್ಮರನ ಮಗ ಇರ್ಷಾದ್ ಕೊಲ್ಲಿ ದೇಶದ ಜುಬೈಲಿನಿಂದ ರಜೆಯಲ್ಲಿ ಬಂದ. ತಂದೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಬ್ಲೇಶನ್ ಎಂಬುದನ್ನು ಮಾಡಿಸಿದ. ತೊಡೆಯ ರಕ್ತನಾಳದೊಳಗಿಂದ ಒಂದು ಸಪೂರ ತಂತಿಯನ್ನು ಹೃದಯದ ತನಕ ಏರಿಸಿ, ತಾಳ ಕೆಡಿಸುವ ಜಾಗದ ಸುತ್ತ ಸುಟ್ಟು ಸುಟ್ಟು ಬೇಲಿ ಹಾಕಿದ ಹಾಗೆ ಮಾಡುವುದು. ಮನೆಯಲ್ಲಿ ಅದಕ್ಕೆ 'ತಂತಿ' ಎಂದೇ ಹೆಸರಾಯಿತು. ಮಳೆಗಾಲ ಹಿಡಿಯುವಷ್ಟರಲ್ಲಿ ಉಮ್ಮರನ ಬಡಿತ ನೆಟ್ಟಗಾಗಿ, ಸೋತ ಹೃದಯ ಚೇತರಿಸಿ, ಹಿಡಿ ತುಂಬ ಇದ್ದ ಮಾತ್ರೆ ಎರಡಕ್ಕೆ ಇಳಿದು, ಹದವಾಗಿ ಉಪ್ಪು ತಿನ್ನಬಹುದು, ಉಪವಾಸ ಹಿಡಿಯಬಹುದು ಎಂಬ ಅಪ್ಪಣೆಯೂ ಸಿಕ್ಕಿತು. ಸಣ್ಣ ಪಾತ್ರೆಯಲ್ಲಿ ಶಾಹುಲ್ ಹಮೀದರು ಒಬ್ಬರೇ ಉಳಿದರು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಂತಿ ಹಾಕಿಸಿಕೊಂಡವನನ್ನು ನೋಡಲು ಜನ ಬರತೊಡಗಿದರು. ಮಾತ್ರೆ ನುಂಗುವವನನ್ನು ನೋಡಲು ಯಾರು ಬರುತ್ತಾರೆ? ಸೇಬು, ಮುಸಂಬಿ, ಹಾರ್ಲಿಕ್ಸ್ ಬಾಟಲಿಗಳು ಉಮ್ಮರನ ಕೋಣೆಗೆ ಹೋದವು. ಶಾಹುಲ್ ಹಮೀದರ ಸ್ವಂತ ಭಾವ, ಮೂಡುಬಿದಿರೆಯ ಹತ್ತಿರದ ಪುತ್ತಿಗೆಯ ಅಬ್ದುಲ್ ರಹಿಮಾನ್ ಕೂಡ ಬಾಳೆಗೊನೆ ಹೊತ್ತುಕೊಂಡು ಬಂದವನು ನೇರ ಉಮ್ಮರನ ಕೋಣೆಗೆ ಹೋಗಿ, ವಾಪಸು ಹೊರಡುವಾಗ "ಭಾವ, ನೀವೂ ಆರಾಮ ಅಲ್ವಾ?" ಎಂದು ಕೇಳಿದ. ನೆರೆಮನೆಯ ಧರ್ಣಪ್ಪ, ನಿವೃತ್ತ ಬಸ್ ಏಜೆಂಟ್, ತಂತಿಯ ಕಥೆಯನ್ನು ಎಷ್ಟು ಸಲ ಕೇಳಿದ್ದರೆಂದರೆ, ಉಮ್ಮರ್ ಎಲ್ಲಿಯಾದರೂ ತಪ್ಪಿದರೆ ತಿದ್ದುತ್ತಿದ್ದರು.

"ಒಳಗೆ ಸುಡುವಾಗ ವಾಸನೆ ಬಂತಾ ಉಮ್ಮರ್?"

"ಇಲ್ಲ ಧರ್ಣಪ್ಪಣ್ಣ, ನನಗೆ ಮಂಪರು ಕೊಟ್ಟಿದ್ದರು."

"ಮೊನ್ನೆ ಎಚ್ಚರ ಇತ್ತು ಎಂದಿರಿ."

"ಅರ್ಧ ಎಚ್ಚರ."

"ಹಾಂ, ಅರ್ಧ ಎಚ್ಚರ. ಅದು ಬಿಟ್ಟುಹೋಗಿತ್ತು."

ಪಕ್ಕದ ಕೋಣೆಯಲ್ಲಿ ಶಾಹುಲ್ ಹಮೀದರು ಪತ್ರಿಕೆಯ ಅದೇ ಪುಟವನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದರು.

ಖರ್ಜೂರ ಕೈತಪ್ಪಿದ ಮರುದಿನ ಅಡುಗೆಮನೆಯಲ್ಲೂ ಮಾತು ಬೆಳೆಯಿತು. ಉಪವಾಸ ಬಿಡುವ ಹೊತ್ತಿನ ತೆಂಗಿನಹಾಲಿನ ಗಂಜಿ ಎರಡು ಪಾತ್ರೆಗಳಲ್ಲಿ ಕುದಿಯುತ್ತಿತ್ತು. ಉಮ್ಮರನ ಹೆಂಡತಿ ರಾಫಿಯಾ ಹೇಳಿದಳು, "ಒಬ್ಬರಿಗೋಸ್ಕರ ಬೇರೆ ಪಾತ್ರೆ. ಗ್ಯಾಸ್ ಸುಮ್ಮನೆ ಹೋಗ್ತದೆ. ದೊಡ್ಡ ಪಾತ್ರೆಗೆ ಉಪ್ಪು ಹಾಕುವ ಮೊದಲೇ ಒಂದು ಬಟ್ಟಲು ತೆಗೆದಿಟ್ಟರೆ ಆಗ್ತದಲ್ಲ."

ಶಾಹುಲ್ ಹಮೀದರ ಹೆಂಡತಿ ಮೈಮೂನಮ್ಮ ಸೌಟು ನಿಲ್ಲಿಸಿದಳು. "ಹೋದ ವರ್ಷ ಇಬ್ಬರಿಗೆ ಮಾಡುವಾಗ ಗ್ಯಾಸ್ ಹೋಗ್ತಿರಲಿಲ್ವಾ?"

"ನಾನು ಹಾಗೆ ಹೇಳಿದ್ದಾ?"

"ನೀನು ಎಂತ ಹೇಳಿದ್ದೆಂದು ಪಾತ್ರೆಗೂ ಗೊತ್ತಾಯಿತು."

ಈ ಸಂಭಾಷಣೆಯನ್ನು ಶಾಹುಲ್ ಹಮೀದರು ಬಾಗಿಲ ಹಿಂದಿನಿಂದ ಪೂರ್ತಿ ಕೇಳಿದರು. ತಟ್ಟೆಯೆದುರು ಕೂತಾಗ, "ಗಂಡುಮಕ್ಕಳಿದ್ದವರಿಗೆ ತಂತಿ, ಇಲ್ಲದವರಿಗೆ ಮಾತ್ರೆ," ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದರು. ಅವರಿಗೆ ಇದ್ದವಳು ಒಬ್ಬಳೇ ಮಗಳು ರಿಫಾ, ಮೂಡುಬಿದಿರೆಯಲ್ಲಿ ಬಿ.ಎಡ್. ಓದುತ್ತಿದ್ದಳು. ಅವಳು ಆಗ ತಟ್ಟೆಯ ಇನ್ನೊಂದು ಬದಿಯಲ್ಲೇ ಇದ್ದಳು.

"ಬಾಪ, ನಾನಿಲ್ಲಿ ಕೂತಿದ್ದೇನೆ," ಎಂದಳು.

"ಕೂತುಕೋ. ನಿನಗೆ ಯಾರು ಹೇಳಿದ್ದು?"

ಮಾತು ಜುಬೈಲಿನ ತನಕ ಹೋಗಲು ಎರಡು ದಿನ ಸಾಕಾಯಿತು. ಶುಕ್ರವಾರ ಇರ್ಷಾದ್ ಫೋನ್ ಮಾಡಿ, ದೊಡ್ಡಪ್ಪನಿಗೇ ಕೊಡಲು ಹೇಳಿದ. "ದೊಡ್ಡಪ್ಪ, ನಿಮ್ಮದೂ ಮಾಡಿಸುವ. ಬೆಂಗಳೂರಿನ ಆ ಡಾಕ್ಟರು ತಿಂಗಳಿಗೊಮ್ಮೆ ಮಂಗಳೂರಿಗೆ ಬರ್ತಾರೆ, ಮೊದಲು ತೋರಿಸಿ. ಖರ್ಚಿನ ವಿಷಯ ನೀವು ಎತ್ತಬೇಡಿ."

ಬೈಯಲು ಸಿದ್ಧರಾಗಿ ಕೂತವರಿಗೆ ಇದರಿಂದ ಬಹಳ ಅನಾನುಕೂಲವಾಯಿತು. "ನೋಡುವ," ಎಂದರು. ಫೋನ್ ಇಟ್ಟ ಮೇಲೆ ಆ ವಾರದಲ್ಲಿ ಮೊದಲ ಬಾರಿ ಉಮ್ಮರನ ಕೋಣೆಗೆ ಹೋಗಿ, ತೊಡೆಯಲ್ಲಿ ಗಾಯದ ಗುರುತು ಎಷ್ಟು ದೊಡ್ಡದು ಉಳಿಯುತ್ತದೆ ಎಂದು ವಿಚಾರಿಸಿದರು.

"ಸೊಳ್ಳೆ ಕಚ್ಚಿದಷ್ಟು," ಎಂದ ಉಮ್ಮರ್.

ಅಷ್ಟು ಸಣ್ಣದೆಂದು ಕೇಳಿ ಅವರಿಗೆ ಸ್ವಲ್ಪ ಬೇಸರವೇ ಆಯಿತು.

ಮಂಗಳೂರಿನಲ್ಲಿ ಡಾಕ್ಟರು ಎದೆಗೆ ತಣ್ಣನೆಯ ಜೆಲ್ಲಿ ಬಳಿಸಿ ಸ್ಕ್ಯಾನ್ ಮಾಡಿಸಿದರು. ಹಳೆಯ ಕಾಗದಗಳನ್ನೆಲ್ಲ ನೋಡಿದರು. ಉಮ್ಮರನ ಅಣ್ಣ ಎಂದು ಗೊತ್ತಾದಾಗ ನಕ್ಕರು. ಶಾಹುಲ್ ಹಮೀದರಿಗೆ ಆ ನಗೆ ಹಿಡಿಸಲಿಲ್ಲ. ಇಲ್ಲಿಯೂ ತಾನು ಉಮ್ಮರನ ಅಣ್ಣ.

"ನೀವು ಹೇಳುವ ಆ ತಂತಿ ನಿಮಗೆ ಬೇಡ," ಎಂದರು ಡಾಕ್ಟರು.

"ಖರ್ಚಿಗೆ ತೊಂದರೆ ಇಲ್ಲ. ನನ್ನ ತಮ್ಮನ ಮಗ..."

"ಖರ್ಚಿನ ಪ್ರಶ್ನೆಯೇ ಅಲ್ಲ. ನಿಮ್ಮ ತಮ್ಮನ ಹೃದಯ ಗಟ್ಟಿಯೇ ಇತ್ತು. ಬಡಿತ ಹಗಲಿರುಳು ಓಡಿ ಓಡಿ ಅದನ್ನು ದಣಿಸಿತ್ತು. ಓಟ ನಿಲ್ಲಿಸಿದೆವು, ಚೇತರಿಸಿತು. ನಿಮ್ಮದು ಹಾಗಲ್ಲ. ಹಿಂದೆ ಒಂದು ಹಾರ್ಟ್ ಅಟ್ಯಾಕ್ ಆಗಿ ಒಂದು ಭಾಗವೇ ಗಾಯ ಒಣಗಿದ ಹಾಗೆ ಆಗಿದೆ. ಮೇಲಿನ ಕೋಣೆ ಹಿಗ್ಗಿ ವರ್ಷಗಳಾದವು. ಅಲ್ಲಿ ಸುಟ್ಟರೂ ಬಡಿತ ಮತ್ತೆ ಕೆಡುವ ಸಾಧ್ಯತೆಯೇ ಹೆಚ್ಚು. ಸುಡುವುದರಲ್ಲಿ ಅಪಾಯವೂ ಉಂಟು."

"ಹಾಗಾದರೆ ತಂತಿ ಒಳ್ಳೆಯದಾ, ಮಾತ್ರೆ ಒಳ್ಳೆಯದಾ? ಒಂದು ಹೇಳಿ."

"ನಿಮ್ಮ ತಮ್ಮನಿಗೆ ತಂತಿ ಒಳ್ಳೆಯದು. ನಿಮಗೆ ಮಾತ್ರೆ ಒಳ್ಳೆಯದು. ಯಾರಿಗೆ ಯಾವುದು ಎಂದು ನಾವೂ ಇನ್ನೂ ಕಲಿಯುತ್ತಲೇ ಇದ್ದೇವೆ. ನಿಮ್ಮ ನಾಡಿ ಮಾತ್ರೆಯಲ್ಲಿ ಚೆನ್ನಾಗಿ ಹಿಡಿತದಲ್ಲಿ ಉಂಟು. ಅದನ್ನೇ ಬಿಡದೆ ತಿನ್ನಿ."

ಶಾಹುಲ್ ಹಮೀದರು ಜೊತೆಗೆ ಬಂದಿದ್ದ ಮಗಳ ಕಡೆ ತಿರುಗಿದರು. "ರಿಫಾ, ಕೆಳಗೆ ಮೆಡಿಕಲಿನಲ್ಲಿ ಜನ ಹೆಚ್ಚಾಗ್ತದೆ. ನೀನು ಹೋಗಿ ಲೈನಿನಲ್ಲಿ ನಿಲ್ಲು, ಮೋಳೆ." ಅವಳು ಹೋದ ಮೇಲೆ ದನಿ ತಗ್ಗಿಸಿ ಕೇಳಿದರು, "ಉಪವಾಸ?"

"ಬೇಡ. ನೀರು ಇಳಿಸುವ ಮಾತ್ರೆ ಹೊತ್ತಿಗೆ ಸರಿಯಾಗಿ ಬೇಕು, ಉಳಿದವೂ ಹಾಗೆಯೇ. ನಿಮ್ಮ ಧರ್ಮದಲ್ಲೇ ರೋಗಿಗೆ ವಿನಾಯಿತಿ ಉಂಟಲ್ಲ?"

ವಿನಾಯಿತಿ ಉಂಟೆಂದು ಅವರಿಗೆ ಗೊತ್ತಿತ್ತು. ವಿನಾಯಿತಿ ಪಡೆದವನಿಗೆ ಖರ್ಜೂರ ಇಲ್ಲವೆಂಬುದೂ ಗೊತ್ತಿತ್ತು.

ಬಂಟ್ವಾಳ ದಾಟುವ ತನಕ ಅವರು ಬಸ್ಸಿನ ಕಿಟಕಿಯಿಂದ ಮುಖ ಒಳಗೆ ತರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಘೋಷಿಸಿದರು: "ನನಗೆ ತಂತಿಯೇ ಬೇಡವಂತೆ. ತಂತಿ ಇಲ್ಲದೆಯೇ ಎಲ್ಲ ಹಿಡಿತದಲ್ಲಿ ಉಂಟಂತೆ. ನಾಳೆಯಿಂದ ನೋಂಬು ಹಿಡಿಯಬಹುದಂತೆ."

ಮೈಮೂನಮ್ಮ ಮಗಳ ಮುಖ ನೋಡಿದಳು.

"ತಂತಿ ಬೇಡ ಎಂದದ್ದು ಹೌದು," ಎಂದಳು ರಿಫಾ. "ಆಮೇಲಿನದಕ್ಕೆ ನಾನು ಇರಲಿಲ್ಲ."

"ನೀನು ಇಲ್ಲದಿದ್ದರೆ ಡಾಕ್ಟರಿಗೆ ಬಾಯಿ ಬರುವುದಿಲ್ವಾ?" ಎಂದರು ಶಾಹುಲ್ ಹಮೀದರು.

ಉಮ್ಮರ್ ಸಂಜೆಗೆಂದು ಆ ದಿನ ಬಂದ ಸೇಬನ್ನು ಸುಲಿಯುತ್ತಿದ್ದ.

ಮರುದಿನ ಸಂಜೆ ಖರ್ಜೂರ ತನ್ನ ಹಳೆಯ ದಾರಿ ಹಿಡಿಯಿತು. ಶಾಹುಲ್ ಹಮೀದರು ಅದನ್ನು ಬಾಯಿಗೆ ಹಾಕಿ, ಬೀಜ ಹೊರತೆಗೆದು, ತಮ್ಮನ ತಟ್ಟೆಯ ಪಕ್ಕದಲ್ಲೇ ಇಟ್ಟರು. ಗಂಜಿ ಬಂದಾಗ ಸಣ್ಣ ಪಾತ್ರೆಯನ್ನು ದೂರ ಸರಿಸಿದರು.

"ಇದಕ್ಕೂ ಅಪ್ಪಣೆ ಸಿಕ್ಕಿತಾ?" ಎಂದು ಕೇಳಿದಳು ಮೈಮೂನಮ್ಮ.

"ಎಲ್ಲದಕ್ಕೂ."

"ಒಳ್ಳೆಯ ಡಾಕ್ಟರು. ನನಗೂ ಒಂದು ಸಲ ತೋರಿಸಬೇಕು."

ಉಪ್ಪು ನಾಲಿಗೆಗೆ ತಾಗಿದಾಗ ಅವರ ಕಣ್ಣು ಮುಚ್ಚಿಕೊಂಡಿತು. ರಾಫಿಯಾ ಅದನ್ನು ನೋಡಿ ಗಂಡನಿಗೆ ಮೊಣಕೈಯಿಂದ ತಿವಿದಳು.

ಉಪವಾಸ ಸುಲಭವಾಗಿಯೇ ಸಾಗಿತು, ನೀರು ಇಳಿಸುವ ಮಾತ್ರೆಯೊಂದನ್ನು ಬಿಟ್ಟರೆ. ನಸುಕಿನ ಊಟದ ಜೊತೆ ಅದನ್ನು ನುಂಗಿದರೆ ಅಂಗಡಿಯ ಬಾಗಿಲು ತೆರೆಯುವುದಕ್ಕಿಂತ ಮೂತ್ರಕ್ಕೆಂದು ಹಿತ್ತಲಿಗೆ ಓಡುವುದೇ ಹೆಚ್ಚಾಗುತ್ತದೆ. ಹತ್ತು ಗಂಟೆಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಶಾಹುಲ್ ಹಮೀದರು ಮಾತ್ರೆಗಳಲ್ಲಿ ಅದೊಂದನ್ನು ಲುಂಗಿಯ ಮಡಿಕೆಗೆ ಜಾರಿಸಿ, ಉಳಿದದ್ದನ್ನು ನುಂಗಿದರು. ಒಂದು ಸಣ್ಣ ಬಿಳಿ ಮಾತ್ರೆ. ಅಂಗಡಿಗೆ ಹೋಗುವ ದಾರಿಯಲ್ಲಿ ಚರಂಡಿಗೆ ಬಿತ್ತು.

ಒಂದು ವಾರ ಕಳೆಯಿತು. ಕಾಲಿನ ಊತ ಮುಚ್ಚಲು ಲುಂಗಿ ನೆಲ ಒರೆಸುವಷ್ಟು ಕೆಳಗೆ ಇಳಿಯಿತು. ತಲೆದಿಂಬು ಒಂದಿದ್ದದ್ದು ಮೂರಾಯಿತು.

"ನಿಮ್ಮ ಉಸಿರು ಅಡುಗೆಮನೆಗೆ ಕೇಳ್ತದೆ," ಎಂದಳು ಮೈಮೂನಮ್ಮ.

"ಸತ್ತ ಮೇಲೆ ಕೇಳುವುದಿಲ್ಲ."

"ಬಾಪ, ನಾನು ಆ ಡಾಕ್ಟರಿಗೆ ಫೋನ್ ಮಾಡ್ತೇನೆ," ಎಂದಳು ರಿಫಾ.

"ಮಾಡು. ತಂದೆ ನೋಂಬು ಹಿಡಿದಿದ್ದಾರೆ, ಬಿಡಿಸಿ ಎಂದು ಹೇಳು. ಊರಿನಲ್ಲಿ ಒಳ್ಳೆಯ ಹೆಸರು ಬರ್ತದೆ."

ರಿಫಾ ಫೋನ್ ಮಾಡಿದಳು. ಡಾಕ್ಟರು ಮುಂದಿನ ತಿಂಗಳು ಬರುತ್ತಾರೆಂದು ಉತ್ತರ ಸಿಕ್ಕಿತು.

ಸೆಪ್ಟೆಂಬರಿನಲ್ಲಿ ಟರ್ಪಾಲು ಕೇಳುವವರಿಲ್ಲ. ಬೆಳ್ತಂಗಡಿಯಲ್ಲಿ ಉಮ್ಮರನ ಬಟ್ಟೆಯಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. ಇಲ್ಲಿ ಗುರುವಾಯನಕೆರೆಯಲ್ಲಿ ಶಾಹುಲ್ ಹಮೀದರು ನೀಲಿ ಟರ್ಪಾಲಿನ ಸುರುಳಿಗಳ ನಡುವೆ ಕುರ್ಚಿಯಲ್ಲಿ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಧರ್ಣಪ್ಪ ಹಗ್ಗಕ್ಕೆಂದು ಬಂದರು. ಅಳತೆ ಮಾಡಲು ಎದ್ದ ಶಾಹುಲ್ ಹಮೀದರು ಎರಡು ಮಾರು ಎಳೆಯುವಷ್ಟರಲ್ಲಿ ಹಗ್ಗವನ್ನು ಕೆಳಗೆ ಬಿಟ್ಟು ಕೂತುಬಿಟ್ಟರು.

"ನೀವೇ ಅಳೆದುಕೊಳ್ಳಿ ಧರ್ಣಪ್ಪಣ್ಣ. ನಿಮ್ಮಲ್ಲಿ ನಂಬಿಕೆ ಉಂಟು."

ಇಷ್ಟು ವರ್ಷದಲ್ಲಿ ಶಾಹುಲ್ ಹಮೀದರು ಯಾರಲ್ಲೂ ಇಟ್ಟಿರದ ನಂಬಿಕೆ ಅದು. ಧರ್ಣಪ್ಪ ಹಗ್ಗ ಬಿಟ್ಟು ನೇರ ಬೆಳ್ತಂಗಡಿಯ ಬಸ್ಸು ಹತ್ತಿ ಉಮ್ಮರನ ಅಂಗಡಿಗೆ ಹೋದರು.

ಉಮ್ಮರ್ ಗಿರಾಕಿಗಳನ್ನು ಹಾಗೆಯೇ ಬಿಟ್ಟು ಬಂದ. ಬಾಗಿಲಲ್ಲಿ ನಿಂತು, ಚಿಕ್ಕಂದಿನಿಂದ ಕಾಕ ಎಂದು ಕರೆಯುತ್ತಿದ್ದ ಅಣ್ಣನ ಕಾಲಿನ ಕಡೆ ನೋಡಿದ.

"ಕಾಕ, ಲುಂಗಿ ಸ್ವಲ್ಪ ಎತ್ತಿ."

"ನೀನು ಯಾರು, ಪೋಲೀಸಾ?"

ಉಮ್ಮರ್ ಕೂತು ತಾನೇ ಎತ್ತಿದ. ಕಣಕಾಲಿಗೆ ಹೆಬ್ಬೆರಳು ಒತ್ತಿ ತೆಗೆದ. ಅಡಿಕೆಯೊಂದನ್ನು ಇಡಬಹುದಾದಷ್ಟು ಆಳದ ಕುಳಿ ಬಿತ್ತು. ಇಬ್ಬರೂ ಅದು ತುಂಬುವುದನ್ನು ಕಾದರು. ಅದು ತುಂಬಲಿಲ್ಲ.

"ಈ ಸಲ ನೀವು ಗೆದ್ದಿರಿ," ಎಂದ ಉಮ್ಮರ್. "ನೀರಿನ ಮಾತ್ರೆ ಎಲ್ಲಿ?"

"ನುಂಗ್ತೇನೆ."

"ನನ್ನ ಹತ್ತಿರ ಹೇಳ್ತೀರಾ? ನಾನು ಅದೇ ಮಾತ್ರೆ ತಿಂದವನು. ಅದು ತಿಂದವನ ಕಾಲು ಹೀಗಿರುವುದಿಲ್ಲ." ಅವನು ಎದ್ದು ಕೊಡದಿಂದ ಒಂದು ಲೋಟ ನೀರು ಬಗ್ಗಿಸಿದ. "ಕುಡಿಯಿರಿ. ಬಾವಾನ ಬಾಡಿಗೆ ಓಮ್ನಿಗೆ ಹೇಳಿದ್ದೇನೆ, ಮಂಗಳೂರಿಗೆ ಹೋಗುವ."

"ಬಾಂಗ್ ಆಗಲಿಲ್ಲ."

"ಆಗುವ ತನಕ ನೀವು ಇರಬೇಕಲ್ಲ."

ಶಾಹುಲ್ ಹಮೀದರು ಲೋಟ ಮುಟ್ಟಲಿಲ್ಲ. ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗಿತ್ತು. "ನಿನಗೆ ಗೊತ್ತುಂಟು. ನಾನು ಈಗ ಕುಡಿದರೆ ಸಂಜೆ ಖರ್ಜೂರ ನಿನಗೆ. ಅದಕ್ಕೆ ಅಂಗಡಿ ಬಿಟ್ಟು ಓಡಿ ಬಂದದ್ದು."

ಉಮ್ಮರ್ ಲೋಟ ಹಿಡಿದುಕೊಂಡೇ ನಿಂತ. "ಬೇಕಿತ್ತು, ಕಾಕ. ಇಲ್ಲ ಎನ್ನುವುದಿಲ್ಲ. ನನಗೆ ಮೀಸೆ ಮೂಡದ ದಿನದಿಂದ ಅದು ನಿಮ್ಮ ಕೈಗೆ ಹೋಗುವುದನ್ನು ನೋಡಿದ್ದೇನೆ. ಮೊದಲ ದಿನ ನನ್ನ ಕೈಗೆ ಬಂದಾಗ ತಂತಿ ಹಾಕಿಸಿದ್ದು ಸಾರ್ಥಕ ಆಯಿತು ಎನಿಸಿತು. ನೀವು ಸುಳ್ಳು ಹೇಳಿ ಕಿತ್ತುಕೊಂಡಿರಿ. ಸುಳ್ಳು ಎಂದು ನನಗೆ ಅದೇ ದಿನ ಗೊತ್ತಿತ್ತು."

"ಗೊತ್ತಿದ್ದು ಸುಮ್ಮನಿದ್ದೆಯಾ?"

"ಹೇಳಿದ್ದರೆ ಹೊಟ್ಟೆಕಿಚ್ಚಿಗೆ ಹೇಳಿದ ಎನ್ನುತ್ತಿದ್ದಿರಿ."

"ಎನ್ನುತ್ತಿದ್ದೆ," ಎಂದು ಒಪ್ಪಿಕೊಂಡರು ಶಾಹುಲ್ ಹಮೀದರು. ಆಮೇಲೆ ತುಟಿಯ ಬಣ್ಣ ತಿರುಗಿತು, ತಲೆ ಟರ್ಪಾಲಿನ ಸುರುಳಿಗೆ ವಾಲಿತು. ಉಮ್ಮರ್ ಅವರ ಗಲ್ಲ ಹಿಡಿದು ನೀರು ಹಾಕಿದ. ಅವರು ನುಂಗಿದರು. ಹೊರಗೆ ಬಾವಾ ಹಾರ್ನ್ ಹೊಡೆದ.

ಆಸ್ಪತ್ರೆಯಲ್ಲಿ ಆಮ್ಲಜನಕ ಇಟ್ಟು, ನೀರು ಇಳಿಸುವ ಅದೇ ಔಷಧವನ್ನು ಸೂಜಿಯಲ್ಲಿ ಚುಚ್ಚಿದರು. ಚರಂಡಿಗೆ ಹೋದ ಮಾತ್ರೆಗಳ ಕೆಲಸವೆಲ್ಲ ಒಂದು ರಾತ್ರಿಯಲ್ಲಿ ಆಯಿತು. ಬೆಳಗ್ಗೆ ಬಂದ ವಾರ್ಡಿನ ಹಿರಿಯ ಡಾಕ್ಟರು ಆಸ್ಪತ್ರೆಯ ಫೈಲಿನಲ್ಲಿದ್ದ ಹಳೆಯ ಕಾಗದ ಓದಿ, "ಉಪವಾಸ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದಾರಲ್ಲ. ಹಿಡಿಯಬಹುದು ಎಂದು ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು.

ಮಂಚದ ಒಂದು ಬದಿಯಲ್ಲಿ ಮೈಮೂನಮ್ಮ, ಇನ್ನೊಂದು ಬದಿಯಲ್ಲಿ ರಿಫಾ, ಕಾಲ ಬುಡದಲ್ಲಿ ಉಮ್ಮರ್. ಶಾಹುಲ್ ಹಮೀದರು ಆಮ್ಲಜನಕದ ಮುಖವಾಡವನ್ನು ಸ್ವಲ್ಪ ಮೇಲೆ ಎಳೆದುಕೊಂಡರು.

"ಮಾತಾಡಲು ಆಗುವುದಿಲ್ವಂತೆ," ಎಂದಳು ಮೈಮೂನಮ್ಮ ಡಾಕ್ಟರಿಗೆ. "ಮನೆಯಲ್ಲಿ ಸರಿಯಾಗಿ ಆಗ್ತದೆ."

ಆ ಸಂಜೆಗಳಲ್ಲಿ ಲಾಯಿಲದ ಮನೆಯಲ್ಲಿ ಉಪವಾಸವಿದ್ದ ಗಂಡಸರೇ ಇರಲಿಲ್ಲ. ಉಮ್ಮರ್ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಬನ್ನು ತಿಂದು ಉಪವಾಸ ಬಿಡುತ್ತಿದ್ದ. ಬಾಂಗ್ ಆದಾಗ ಬೀಪಾತುಮ್ಮ ಖರ್ಜೂರ ಎತ್ತಿ ಹಿಡಿದು ಸುತ್ತ ನೋಡಿದರಂತೆ. ಒಲೆಯ ಮುಂದಿನಿಂದ ಎದ್ದು ಬಂದ ರಾಫಿಯಾ ಒಬ್ಬಳೇ ಕಂಡಳು. ಬೇರೆ ದಾರಿ ಇಲ್ಲದೆ ಅವಳಿಗೆ ಕೊಟ್ಟರು.

ಶಾಹುಲ್ ಹಮೀದರು ಮನೆಗೆ ಬಂದದ್ದು ಹಬ್ಬಕ್ಕೆ ಕೆಲವೇ ದಿನ ಉಳಿದಾಗ. ಕಾಲು ಇಳಿದಿತ್ತು, ಲುಂಗಿ ಏರಿತ್ತು. ಅಬ್ದುಲ್ ರಹಿಮಾನ್ ಈ ಸಲ ಬಾಳೆಗೊನೆಯನ್ನು ಅವರ ಕೋಣೆಗೇ ತಂದ. ಧರ್ಣಪ್ಪ ಬಂದು ಕೂತು, ಆಮ್ಲಜನಕದ ಕಥೆಯನ್ನು ಮೊದಲಿನಿಂದ ಹೇಳಿಸಿದರು. ಇದು ಶಾಹುಲ್ ಹಮೀದರಿಗೆ ಔಷಧಕ್ಕಿಂತ ಹೆಚ್ಚು ಗುಣ ಕೊಟ್ಟಿತು. ಮಧ್ಯಾಹ್ನ ಸಣ್ಣ ಪಾತ್ರೆಯಿಂದ ಉಪ್ಪಿಲ್ಲದ ಗಂಜಿ ಬಂತು. ಮೈಮೂನಮ್ಮ ಮಾತ್ರೆಗಳನ್ನು ಅವರ ಅಂಗೈಗೆ ಹಾಕಿ, ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆಯ ಅಡಿಗೂ ನೋಡಿದಳು.

"ಸೊಸೈಟಿ ಅಂಗಡಿಯಲ್ಲೂ ಇಷ್ಟು ತಪಾಸಣೆ ಇಲ್ಲ," ಎಂದರು.

"ಅಲ್ಲಿ ಕಳ್ಳರು ಕಡಿಮೆ," ಎಂದಳು.

ಸಂಜೆ ಎಲ್ಲರೂ ಚಾಪೆಯಲ್ಲಿ ಕೂತರು. ಶಾಹುಲ್ ಹಮೀದರು ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಣ್ಣು ಮಾತ್ರ ಉಮ್ಮರನ ಬಲಗೈಯ ಮೇಲಿತ್ತು. ಬಾಂಗ್ ಕೇಳಿತು. ಉಮ್ಮರನ ಕೈ ಮುಂದೆ ಬಂತು.

ಬೀಪಾತುಮ್ಮ ಖರ್ಜೂರ ಎತ್ತಿದವರು ಅದನ್ನು ಹಿಡಿದುಕೊಂಡೇ ಅಡುಗೆಮನೆಯ ಕಡೆ ಕತ್ತು ತಿರುಗಿಸಿದರು. "ಮೈಮೂನಾ, ಇಲ್ಲಿ ಬಾ."

ಮೈಮೂನಮ್ಮ ಹಿಟ್ಟಿನ ಕೈಯಲ್ಲೇ ಬಂದಳು. "ಎಂತ ಆಯಿತು ಪುನಃ?"

"ಹಿಡಿ."

"ಇದು ಯಾರಿಗೆ ಕೊಡಬೇಕು?"

"ನಿನಗೇ. ನಿನ್ನ ನೋಂಬು ಅಲ್ವಾ? ಇವರಿಬ್ಬರಲ್ಲಿ ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಸಾಯ್ತಾನೆ. ನನಗೆ ಈ ಪ್ರಾಯದಲ್ಲಿ ಅದನ್ನೆಲ್ಲ ನೋಡಲು ಆಗುವುದಿಲ್ಲ. ದಿನವಿಡೀ ನೀರೂ ಕುಡಿಯದೆ ಎರಡೆರಡು ಪಾತ್ರೆ ಇಳಿಸಿದವಳು ನೀನು. ತಿನ್ನು."

ಮೈಮೂನಮ್ಮ ನಿಂತಲ್ಲೇ ಬಾಯಿಗೆ ಹಾಕಿಕೊಂಡು, ಎಣ್ಣೆ ಕಾಯುತ್ತಿದೆ ಎಂದು ಒಳಗೆ ಹೋದಳು. ಉಮ್ಮರ್ ಮುಂದೆ ಚಾಚಿದ ಕೈಯನ್ನು ನೀರಿನ ಲೋಟದ ಕಡೆ ತಿರುಗಿಸಿದ. ಅದನ್ನು ನೋಡಿ ಶಾಹುಲ್ ಹಮೀದರಿಗೆ ಉಪ್ಪಿಲ್ಲದ ಗಂಜಿಯೂ ಆ ಹೊತ್ತಿಗೆ ರುಚಿಸಿತು.

"ಮೊನ್ನೆ ನನಗೆ ಕೊಟ್ಟದ್ದಲ್ವಾ, ಉಮ್ಮ?" ಎಂದು ಬಾಗಿಲಿನಿಂದ ರಾಫಿಯಾ ಕೇಳಿದಳು.

"ಮೊನ್ನೆ ಅವಳು ಇರಲಿಲ್ಲ," ಎಂದರು ಬೀಪಾತುಮ್ಮ.

ಶಾಹುಲ್ ಹಮೀದರಿಗೆ ತಂತಿ ಹಾಕಲಿಲ್ಲ. ಮಾತ್ರೆ ಮುಂದುವರಿಯಿತು. ಮೊದಲ ಖರ್ಜೂರ ಆ ವರ್ಷದಿಂದ ಮೈಮೂನಮ್ಮನಿಗೆ ಹೋಗತೊಡಗಿತು, ರಾಫಿಯಾ ಹಬ್ಬದ ತನಕ ಅವಳ ಜೊತೆ ಮಾತಾಡಲಿಲ್ಲ.